ಬಡತನದ ಗೆರೆಯ ಮೇಲೆ ಕಾರು ನಿಲ್ಲಿಸಬಾರದು

ಮತ್ತೆ ಶುರುವಾಗಿದೆ. ಅನರ್ಹರ ಬಿಪಿಎಲ್ ಕಾರ್ಡು ರದ್ದು ಮಾಡುತ್ತೇವೆ ಎಂಬ ಹೇಳಿಕೆ ಬೆಳಿಗ್ಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಿರೋಧ ಪಕ್ಷದವರು ‘ಬಡವರ ಅನ್ನಕ್ಕೆ ಕನ್ನ’ ಎಂಬ ಪ್ರಾಸವನ್ನು ಹಿಡಿದುಕೊಂಡು ಕ್ಯಾಮೆರಾ ಮುಂದೆ ನಿಂತಿರುತ್ತಾರೆ. ಅರ್ಹರು ಯಾರೂ ಆತಂಕ ಪಡಬೇಕಾಗಿಲ್ಲ ಎಂಬ ಸ್ಪಷ್ಟನೆ ಸಂಜೆಗೆ ಸಿದ್ಧ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಮೂರು ಹೊತ್ತಿನ ಊಟದಲ್ಲಿ ವ್ಯತ್ಯಾಸವಾಗಿಲ್ಲ. ಬಡಿಸುವವರು ಮತ್ತು ಉಣ್ಣುವವರು ಎಲೆ ಬದಲಾಯಿಸಿಕೊಳ್ಳುತ್ತಾರೆ, ಅಷ್ಟೇ.

2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿಯವರು, ಮನೆಯಲ್ಲಿ ಟಿವಿ, ಫ್ರಿಜ್, ಬೈಕ್ ಇದ್ದವರು ಮಾರ್ಚ್ 31ರೊಳಗೆ ಕಾರ್ಡು ಹಿಂದಿರುಗಿಸಬೇಕು ಎಂದು ಹೇಳಿ, ನಾಡಿನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಮಾತು ನುಂಗಿಕೊಂಡಿದ್ದರು. ಪಕ್ಕದ ತಮಿಳುನಾಡಿನಲ್ಲಿ 2006ರ ಚುನಾವಣೆಯ ನಂತರ ಸರ್ಕಾರವೇ ಮನೆಮನೆಗೆ ಬಣ್ಣದ ಟಿವಿ ಹಂಚಿತ್ತು. ಅಂದರೆ ಹೊಸೂರಿನಲ್ಲಿ ಬಡವನೆಂಬ ಕಾರಣಕ್ಕೆ ಟಿವಿ ಪಡೆದವನು, ಅದನ್ನು ತಲೆಯ ಮೇಲೆ ಹೊತ್ತುಕೊಂಡು ಅತ್ತಿಬೆಲೆಗೆ ಬಂದರೆ ಸಿರಿವಂತ. ಹತ್ತಾರು ಕಿಲೋಮೀಟರ್‌ನೊಳಗೆ ಇಷ್ಟು ವೇಗವಾಗಿ ಉದ್ಧಾರವಾಗುವ ದಾರಿ ಬೇರೆ ಯಾವ ದೇಶದಲ್ಲಿದೆ?

2024ರ ನವೆಂಬರ್‌ನಲ್ಲಿ ನಡೆದದ್ದು ನಿಮಗೆ ನೆನಪಿದೆ. ರಾತ್ರಿ ಬಿಪಿಎಲ್ ಆಗಿ ಮಲಗಿದವರು ಬೆಳಿಗ್ಗೆ ಎಪಿಎಲ್ ಆಗಿ ಎದ್ದರು. ಗಲಾಟೆಯಾಯಿತು. ಆಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡಿಗೆ ಕೈ ಹಚ್ಚುವುದಿಲ್ಲ ಎಂದು ಸರ್ಕಾರ ಹಿಂದೆ ಸರಿಯಿತು. ಇಷ್ಟಾದರೂ ನಾವು ಕರ್ನಾಟಕದ ಸಾಧನೆಯನ್ನು ಮೆಚ್ಚಲೇಬೇಕು. ನೀತಿ ಆಯೋಗವು 2019–21ರ ಸಮೀಕ್ಷೆ ಆಧರಿಸಿ ಕೊಟ್ಟ ಲೆಕ್ಕದಲ್ಲಿ ರಾಜ್ಯದ ಬಹು ಆಯಾಮದ ಬಡವರು ಶೇಕಡಾ 7.58. ಬಿಪಿಎಲ್ ಕಾರ್ಡಿರುವ ಕುಟುಂಬಗಳು ಒಂದು ಕೋಟಿಗೂ ಹೆಚ್ಚು. ಬಡತನವನ್ನು ಓಡಿಸಿ, ಬಡವರನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡ ರಾಜ್ಯ ನಮ್ಮದು.

ಹಾಗೆಂದು ಗೆರೆಯನ್ನು ಎಳೆದವರ ಜಾಣತನವನ್ನೂ ಸ್ವಲ್ಪ ನೋಡಬೇಕು. ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ದಾಟಬಾರದು. ಈಗ ಪೆನ್ನು ಹಿಡಿಯಿರಿ. 2025–26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಎಂದು ಸರ್ಕಾರವೇ ನಿಗದಿ ಮಾಡಿತ್ತು. ಇದೇ ದರದಲ್ಲಿ ಗಂಡನೊಬ್ಬ ತಿಂಗಳಿಗೆ 26 ದಿನದಂತೆ ವರ್ಷವಿಡೀ ಎಲ್ಲೋ ಗುದ್ದಲಿ ಹಿಡಿದ ಎಂದುಕೊಳ್ಳಿ. 1,15,440 ರೂಪಾಯಿ ಆಯಿತು. ಬಡವ, ಒಪ್ಪಿದೆವು. ಮನೆಯಲ್ಲಿ ಸುಮ್ಮನೆ ಕೂರಲಾಗದ ಹೆಂಡತಿಯೂ ಬುಟ್ಟಿ ಹೊತ್ತಳು ಎಂದಿಟ್ಟುಕೊಳ್ಳಿ. ಹನ್ನೆರಡು ದಿನ ಹೊರಬಹುದು, ತೊಂದರೆಯಿಲ್ಲ. ಹದಿಮೂರನೆಯ ದಿನದ ಕೂಲಿ ಕೈಗೆ ಬಿದ್ದ ಕ್ಷಣ ಆ ಸಂಸಾರ ಬಡತನದ ಗೆರೆಯನ್ನು ದಾಟಿ ಆಚೆ ದಡದಲ್ಲಿ ನಿಂತಿರುತ್ತದೆ. ಅಲ್ಲಿ ಅವರನ್ನು ಸ್ವಾಗತಿಸುವುದಕ್ಕೆ ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷರೂ ಗ್ರಾನೈಟ್ ಗಣಿಯ ಮಾಲೀಕರೂ ಹೂಗುಚ್ಛ ಹಿಡಿದು ನಿಂತಿರುತ್ತಾರೆ. ಎಲ್ಲರೂ ಎಪಿಎಲ್. ಸಮಾನತೆ ಬಂತು.

ಹೀಗಿರುವಾಗ ಸತ್ಯ ಹೇಳಿ ಕಾರ್ಡು ಪಡೆಯುವವರು ಯಾರು? ನಾಡಕಚೇರಿಯಲ್ಲಿ ಸಿಗುವ ಆದಾಯ ಪ್ರಮಾಣಪತ್ರಗಳನ್ನು ಗುಡ್ಡೆ ಹಾಕಿ ಓದಿದರೆ, ಈ ರಾಜ್ಯದಲ್ಲಿ ಹೋಟೆಲ್ ನಡೆಸುವವರು, ಅಡಿಕೆ ಮಾರುವವರು, ಮದುವೆ ಛತ್ರ ಕಟ್ಟಿಸಿದವರು ಇವರೆಲ್ಲ ಏನು ತಿಂದು ಬದುಕಿದ್ದಾರೆ ಎಂದು ಕಣ್ಣೀರು ಬರುತ್ತದೆ.

ನನ್ನ ಪರಿಚಯದವರೊಬ್ಬರಿದ್ದಾರೆ. ಅವರ ಬಿಳಿ ಕಾರು ನ್ಯಾಯಬೆಲೆ ಅಂಗಡಿಯಿಂದ ಎರಡು ತಿರುವು ಆಚೆ ನಿಲ್ಲುತ್ತದೆ. ಅಲ್ಲಿಂದ ಅವರು ನಡೆದುಕೊಂಡು ಬರುತ್ತಾರೆ, ಕೈಯಲ್ಲಿ ಮಡಿಸಿದ ಪ್ಲಾಸ್ಟಿಕ್ ಚೀಲ. ನಡಿಗೆಯಲ್ಲಿ ಕೂಡ ಒಂದು ಬಗೆಯ ಬಿಪಿಎಲ್ ವಿನಯ. ಒಂದು ದಿನ ಕೇಳಿಯೇಬಿಟ್ಟೆ: ‘ಸ್ವಂತ ಕಾರಿದ್ದವರಿಗೆ ಕಾರ್ಡು ಇಲ್ಲವಂತಲ್ಲ ಸ್ವಾಮಿ?’ ಅವರು ನನ್ನ ಅಜ್ಞಾನಕ್ಕೆ ಮರುಗಿದರು. ‘ಕಾರು ನನ್ನ ಹೆಸರಿನಲ್ಲಿ ಎಲ್ಲಿದೆ? ಮಗನ ಹೆಸರಿನಲ್ಲಿದೆ. ಮಗ ಬೇರೆ ಕಾರ್ಡಿನಲ್ಲಿದ್ದಾನೆ.’ ಅಡುಗೆಮನೆ ಒಂದೇ, ಕಾರ್ಡು ಎರಡು. ಮಗನ ಕಾರ್ಡು ಯಾವ ಬಣ್ಣದ್ದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಅಕ್ಕಿಯನ್ನು ಏನು ಮಾಡುತ್ತೀರಿ ಎಂದು ಮಾತ್ರ ಕೇಳಿದೆ. ‘ಅನ್ನಕ್ಕೆ ಆಗುವುದಿಲ್ಲ ಬಿಡಿ, ನಮ್ಮ ಮನೆಯಲ್ಲಿ ಸೋನಾ ಮಸೂರಿಯೇ ಆಗಬೇಕು. ಆದರೆ ದೋಸೆಗೆ ಇದರಂಥ ಅಕ್ಕಿ ಇನ್ನೊಂದಿಲ್ಲ.’

ಸಂಸತ್ತು 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಾಡುವಾಗ ಗರಿಗರಿ ದೋಸೆಯ ಹಕ್ಕನ್ನು ಚರ್ಚಿಸಿತ್ತೋ ಇಲ್ಲವೋ, ನಮ್ಮವರು ಅದನ್ನೂ ಅದರೊಳಗೆ ಸೇರಿಸಿಕೊಂಡಿದ್ದಾರೆ. ಬಿಟ್ಟಿ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂಬ ಗಾದೆಯನ್ನು ಹಿರಿಯರು ತಮಾಷೆಗೆ ಮಾಡಿದ್ದರು. ಅದನ್ನು ಕುಟುಂಬ ವಿಭಜನೆಯ ಸೂತ್ರವಾಗಿ ಬೆಳೆಸಿದ ಕೀರ್ತಿ ನಮ್ಮ ಪೀಳಿಗೆಯದು. ಅಂದಹಾಗೆ ಇದೇ ಮಹಾನುಭಾವರು ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, ಬಿಟ್ಟಿ ಭಾಗ್ಯಗಳಿಂದ ಜನ ಸೋಮಾರಿಗಳಾಗಿದ್ದಾರೆ, ತೋಟದ ಕೆಲಸಕ್ಕೆ ಆಳು ಸಿಗುತ್ತಿಲ್ಲ, ಹೆಂಗಸರೆಲ್ಲ ಬಸ್ಸಿನಲ್ಲಿ ಧರ್ಮಸ್ಥಳ ಸುತ್ತುತ್ತಿದ್ದಾರೆ ಎಂದು ಭಾಷಣ ಮಾಡುತ್ತಾರೆ. ಕೊನೆಗೆ ‘ಕಾಯಕವೇ ಕೈಲಾಸ’ ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ.

ಕಾಯಕ ಎಂದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೇಕೆ, ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಶಾಲೆಯಲ್ಲಿ ಓದಿ ನಾವೆಲ್ಲ ಐದು ಅಂಕ ಪಡೆದ ಕಥೆ.

ಆ ದಂಪತಿ ಈಗ ಇದ್ದಿದ್ದರೆ? ಮೊದಲನೆಯದಾಗಿ ಅವರು ರಾಯಚೂರು ಸೀಮೆಯ ಅಮರೇಶ್ವರದಿಂದ ವಲಸೆ ಬಂದವರು, ವಿಳಾಸ ಹೊಂದಾಣಿಕೆಯಾಗುವುದಿಲ್ಲ. ಅರ್ಜಿಯಲ್ಲಿ ವೃತ್ತಿ ಎಂಬಲ್ಲಿ ‘ಅಕ್ಕಿ ಆಯುವುದು’ ಎಂಬ ಆಯ್ಕೆ ಇರುವುದಿಲ್ಲ. ‘ಇತರೆ’ ಒತ್ತಿದರೆ ದಾಖಲೆ ಕೇಳುತ್ತದೆ. ಹೇಗೋ ಕಾರ್ಡು ಸಿಕ್ಕಿತು, ಒಂದು ತಿಂಗಳು ಅಕ್ಕಿ ಹೆಚ್ಚಾಯಿತು, ಲಕ್ಕಮ್ಮ ಚೀಲ ಹೊತ್ತುಕೊಂಡು ವಾಪಸ್ ಬಂದಳು. ಅಂಗಡಿಯವನು ಗಾಬರಿಯಾಗುತ್ತಾನೆ. ‘ಅಮ್ಮ, ಈ ಮೆಷಿನ್ನಿನಲ್ಲಿ ಕೊಡುವುದಕ್ಕೆ ಮಾತ್ರ ಬಟನ್ ಇದೆ, ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಇಲ್ಲ. ಸ್ಟಾಕ್ ಜಾಸ್ತಿ ಬಂದರೆ ಫುಡ್ ಇನ್‌ಸ್ಪೆಕ್ಟರು ನನ್ನ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಅಲ್ಲಿ ಹುಣಸೆಮರದ ಕೆಳಗೆ ತಕ್ಕಡಿ ಇಟ್ಟುಕೊಂಡು ಬೈಕಿನ ಮೇಲೆ ಒಬ್ಬ ಕೂತಿದ್ದಾನೆ ನೋಡಿ, ಅವನಿಗೆ ಹಾಕಿ ಹೋಗಿ, ಕಾಸೂ ಕೊಡುತ್ತಾನೆ.’ ಅಷ್ಟರಲ್ಲಿ ಯಾರೋ ಫೋಟೋ ತೆಗೆದಿರುತ್ತಾರೆ. ಮರುದಿನ ಸುದ್ದಿ: ಅಕ್ರಮ ಅಕ್ಕಿ ಸಾಗಣೆ, ಮಹಿಳೆ ವಶಕ್ಕೆ.

ಬೇರೆಯವರನ್ನು ಆಡಿಕೊಂಡದ್ದು ಸಾಕು, ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಉಳ್ಳವರು ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಎಂದು ಪ್ರಧಾನಿ ಕರೆ ಕೊಟ್ಟಾಗ ಬಿಟ್ಟುಕೊಟ್ಟ ಕೋಟಿಗೂ ಹೆಚ್ಚು ಜನರಲ್ಲಿ ನಾನೂ ಒಬ್ಬ. ಬಿಟ್ಟದ್ದಕ್ಕಿಂತ, ಬಿಟ್ಟೆನೆಂದು ಹೇಳಿಕೊಂಡು ತಿರುಗಿದ್ದಕ್ಕೆ ಖರ್ಚಾದ ಚಹಾದ ದುಡ್ಡೇ ಹೆಚ್ಚು. ಆಮೇಲೆ 2023 ಬಂತು, ಗೃಹಜ್ಯೋತಿ ಬಂತು. ನೋಂದಣಿ ಶುರುವಾದ ವಾರದಲ್ಲಿಯೇ, ಸರ್ವರ್ ಸುಸ್ತಾಗಿ ಮಲಗಿದ ಸಮಯ ನೋಡಿ, ರಾತ್ರಿ ಒಂದು ಗಂಟೆಗೆ ಎದ್ದು ಅರ್ಜಿ ಹಾಕಿದವನು ಯಾರು? ಇದೇ ತ್ಯಾಗಮೂರ್ತಿ. ವಿದ್ಯುತ್ ಬಿಲ್ಲು ಕಟ್ಟುವ ಶಕ್ತಿ ನನಗಿಲ್ಲವೇ? ಇದೆ. ಆದರೆ ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ, ನಾನೊಬ್ಬ ಬಿಟ್ಟರೆ ದೇಶ ಉದ್ಧಾರವಾಗುತ್ತದೆಯೇ? ಈ ವಾಕ್ಯವನ್ನು ನಾನು ಪಾರ್ಕಿನ ಬೆಂಚಿನಲ್ಲಿ ಎಲ್ಲೋ ಕೇಳಿದ್ದೆ.

ನಿಯಮ ಗೊತ್ತಲ್ಲ? ನಮ್ಮಂಥ ಮನೆಗೆ 2022–23ರ ತಿಂಗಳ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟು ಪುಕ್ಕಟೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಬಿಲ್ಲು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಸರಾಸರಿ 172, ಆದ್ದರಿಂದ 189ರವರೆಗೆ ನಾವು ಸುರಕ್ಷಿತ. ಮೊದಲು ನಮ್ಮ ಮನೆಯಲ್ಲಿ ವಿದ್ಯುತ್ ಎಂಬುದು ಗೋಡೆಯೊಳಗಿನಿಂದ ಬರುವ ವಸ್ತುವಾಗಿತ್ತು. ಈಗ ಅದಕ್ಕೆ ಪಂಚಾಂಗವಿದೆ. ತಿಂಗಳ ಮೂರನೆಯ ವಾರ ಗೀಸರ್‌ಗೆ ಅಮಾವಾಸ್ಯೆ. ಇಸ್ತ್ರಿ ಪೆಟ್ಟಿಗೆಗೆ ರಾಹುಕಾಲ. ಮಗ ಫ್ಯಾನ್ ಹಾಕಿಟ್ಟು ಹೊರಗೆ ಹೋದರೆ ನಾನು ಮೀಟರ್ ಬೋರ್ಡಿನ ಕೆಳಗೆ ನಿಂತು ಕೂಗಾಡುತ್ತೇನೆ. ಬಿಲ್ಲು ಕಟ್ಟುವ ಕಾಲದಲ್ಲಿ ಒಂದು ದಿನವೂ ಉಳಿಸದ ವಿದ್ಯುತ್ತನ್ನು ಪುಕ್ಕಟೆಯಾದ ಮೇಲೆ ಉಳಿಸುತ್ತಿದ್ದೇವೆ. ಅರ್ಥಶಾಸ್ತ್ರದವರು ಬಂದು ನೋಡಬೇಕು. ಬೇಸಿಗೆ ಮುಗಿಯುವವರೆಗೆ ಬರದಿದ್ದರೆ ಒಳ್ಳೆಯದು, ಬಂದವರಿಗೆ ಫ್ಯಾನ್ ಹಾಕಬೇಕಾಗುತ್ತದೆ.

ನನಗೆ ಈವರೆಗೆ ಯಾರೂ ಅನರ್ಹ ಎಂದಿಲ್ಲ. ಮನೆಗೆ ಬಂದು ಫ್ರಿಜ್ ಎಣಿಸಿಲ್ಲ. ಬೆರಳು ಒತ್ತು ಎಂದಿಲ್ಲ.

ಬೆರಳು ಒತ್ತುವುದನ್ನು ಕಳೆದ ತಿಂಗಳು ನೋಡಿದೆ. ಅಂಗಡಿಯ ಮುಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಿಂತಿದ್ದರು. ಹೆಬ್ಬೆರಳು ಇಟ್ಟರು, ಕೆಂಪು ದೀಪ. ಸೆರಗಿನಿಂದ ಒರೆಸಿಕೊಂಡು ಇಟ್ಟರು, ಕೆಂಪು ದೀಪ. ಹಿಂದಿದ್ದ ಹೆಂಗಸು, ತಲೆಗೂದಲಿಗೆ ಉಜ್ಜಿಕೊಳ್ಳಿ ಅಜ್ಜಿ, ಎಣ್ಣೆ ಪಸೆಗೆ ಹಿಡಿಯುತ್ತದೆ ಎಂದರು. ಉಜ್ಜಿಕೊಂಡರು. ತೋರುಬೆರಳು, ನಡುಬೆರಳು, ಎಡಗೈ. ಬದುಕಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿ, ಆ ಬೆರಳುಗಳ ಮೇಲೆ ಗೆರೆ ಎಂಬುದೇ ಉಳಿದಿಲ್ಲ. ದುಡಿದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮೆಷಿನ್ನಿಗೆ ಬೇಕು. ನಾಳೆ ಬಾ ಎಂದರು. ಎರಡು ತಿರುವು ಆಚೆಯಿಂದ ಬಂದವರ ಬೆರಳು ಮೃದುವಾಗಿದೆ, ಒಂದೇ ಏಟಿಗೆ ಹಸಿರು ದೀಪ.

ಈ ಜಾಗಕ್ಕೆ ಬಂದಾಗ ನನಗೆ ತಮಾಷೆ ಮಾಡಲು ಮನಸ್ಸಾಗುವುದಿಲ್ಲ. ಕಾರ್ಡು ಎಂದರೆ ಬರೀ ಒಂದಿಷ್ಟು ಅಕ್ಕಿಯೆಂದು ಪಾರ್ಕಿನಲ್ಲಿ ಕುಳಿತವರು ತಿಳಿದಿದ್ದಾರೆ. ಆರೋಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಆ ಹದಿಮೂರನೆಯ ದಿನದ ಕೂಲಿ ಪಡೆದ ಹೆಂಗಸಿನ ಗಂಡನಿಗೆ ಎದೆನೋವು ಬಂದರೆ ಉಳಿದ ಎಪ್ಪತ್ತು ಎಲ್ಲಿಂದ ಬರಬೇಕು? ಜನ ಸುಳ್ಳು ಹೇಳಿಯಾದರೂ ಕಾರ್ಡು ಹಿಡಿದುಕೊಳ್ಳುವುದು ಈ ಭಯಕ್ಕೆ. ಕಾರಿನವರಿಗೆ ಭಯವೂ ಇಲ್ಲ, ಹಸಿವೂ ಇಲ್ಲ. ಅವರಿಗೆ ದೋಸೆ ಇದೆ. ಇಬ್ಬರನ್ನೂ ಒಂದೇ ‘ಅನರ್ಹ’ ಎಂಬ ಚೀಲದಲ್ಲಿ ತುಂಬಿ, ಚೀಲಕ್ಕೆ ದೊಣ್ಣೆಯಿಂದ ಬಾರಿಸುತ್ತಾರೆ. ಏಟು ಯಾರಿಗೆ ಬೀಳುತ್ತದೆ ಎಂದು ಒಳಗಿದ್ದವರಿಗೆ ಗೊತ್ತು.

ಬಾರಿಸುವವರಾದರೂ ಯಾರು? 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ ಗದ್ದಲದ ನಡುವೆಯೇ, ಚರ್ಚೆಯ ಹಂಗಿಲ್ಲದೆ, ಶಾಸಕರ ಸಂಬಳವನ್ನು ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡಿತು. ಆದಾಯ ಪ್ರಮಾಣಪತ್ರ ಕೇಳಿದ್ದು ನನಗೆ ಕೇಳಿಸಲಿಲ್ಲ, ಗದ್ದಲ ಜೋರಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ಇಳಿಸಿ, ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟಂತಾಗುತ್ತದೆ ಎಂದು ತಾನೇ ಹೇಳಿತು. ಅದಕ್ಕೆ ಪ್ರೋತ್ಸಾಹ ಎಂದು ಹೆಸರು. ಕಂಪನಿಗಳು ಸೋಮಾರಿಗಳಾಗುತ್ತವೆ ಎಂದು ಯಾವ ಬೆಂಚೂ ಚಿಂತಿಸಲಿಲ್ಲ. ಬಿಟ್ಟಿ ಎಂಬ ಮಾತು ಅಕ್ಕಿಯ ಮಟ್ಟಕ್ಕೆ ಇಳಿದಾಗ ಮಾತ್ರ ನಮ್ಮ ಬಾಯಿಗೆ ಬರುತ್ತದೆ.

ಇರಲಿ. ಮೊನ್ನೆ ಮೀಟರ್ ಓದುವ ಹುಡುಗ ಬಂದಿದ್ದ. ಯಂತ್ರದಿಂದ ಚೀಟಿ ಹರಿದು ಕೊಟ್ಟು, ‘ಸರ್, 186 ಯೂನಿಟ್, ಸೊನ್ನೆ ಬಿಲ್’ ಎಂದ. ನಾನು ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದೆ. ಹೊಟ್ಟೆಯೊಳಗೆ ಏನೋ ಚುರುಕ್ ಎಂದಿತು.

‘ಇನ್ನೂ ಮೂರು ಯೂನಿಟ್ ಇತ್ತಲ್ಲಪ್ಪ’ ಎಂದೆ, ‘ಸಂಜೆ ಬರಬಾರದಿತ್ತೇ?’