ಹರಿದ ಅಂಗಿಯಷ್ಟೇ ಕಂಡಿತೇ?

1970ರ ದಶಕದ ಬಂಡಾಯದ ರಾಕ್ ಸಂಗೀತವಾದ ಪಂಕ್ ಎಂದರೆ ಹರಿದ ಅಂಗಿ, ಕಿವಿಗಡಚಿಕ್ಕುವ ಗದ್ದಲ, ರಾಜಕೀಯವೆಲ್ಲ ಬರೀ ವೇಷ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಎರಡೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ಒಪ್ಪಲಾರೆ. 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯ ಮೇಲೆ ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಕುಡಿದ ಅಮಲಿನಲ್ಲಿ ವಲಸಿಗರ ವಿರುದ್ಧ ನಾಲಿಗೆ ಹರಿಬಿಟ್ಟರು. ಜಮೈಕಾದ ಕಪ್ಪು ಗಾಯಕ ಬಾಬ್ ಮಾರ್ಲಿಯ ಹಾಡು ಹಾಡಿ ಜನಪ್ರಿಯತೆಯ ಪಟ್ಟಿಯ ಮೇಲೇರಿದ್ದವರೂ ಇವರೇ! ಕೆರಳಿದ ಛಾಯಾಗ್ರಾಹಕ ರೆಡ್ ಸಾಂಡರ್ಸ್ ಮತ್ತು ಗೆಳೆಯರು ಸಂಗೀತ ಪತ್ರಿಕೆಗಳಿಗೆ ಬರೆದ ಒಂದು ಕಾಗದದಿಂದ 'ರಾಕ್ ಅಗೇನ್‌ಸ್ಟ್ ರೇಸಿಸಂ' (ಜನಾಂಗದ್ವೇಷದ ವಿರುದ್ಧ ರಾಕ್) ಚಳವಳಿ ಹುಟ್ಟಿತು. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನವರೆಗೆ ಈ ಚಳವಳಿಯ ಕರೆಗೆ ಓಗೊಟ್ಟು ಹತ್ತಾರು ಸಾವಿರ ಜನ ನಡೆದರು. ಪಂಕ್‌ನ ಕ್ಲ್ಯಾಷ್, ಎಕ್ಸ್-ರೇ ಸ್ಪೆಕ್ಸ್ ತಂಡಗಳು ಅಲ್ಲಿ ಹಾಡಿದ ವೇದಿಕೆಯನ್ನೇ ಜಮೈಕಾ ಮೂಲದ ರೆಗೆ ಸಂಗೀತ ನುಡಿಸುವ ಕಪ್ಪು ಜನರ ತಂಡ ಸ್ಟೀಲ್ ಪಲ್ಸ್ ಕೂಡ ಹತ್ತಿತು. ಜನಾಂಗದ್ವೇಷಿ ನ್ಯಾಷನಲ್ ಫ್ರಂಟ್ ಪಕ್ಷ ಬೇರೂರಲು ಹವಣಿಸುತ್ತಿದ್ದ ಕಡೆಯೇ ಅದು.

ಹಾಗೆಂದು ಎಲ್ಲವೂ ಚೊಕ್ಕವಾಗಿತ್ತು ಎನ್ನುವುದಿಲ್ಲ. ಅಂದು ಕ್ಲ್ಯಾಷ್ ತಂಡದ ಗಾಯಕ ಜೋ ಸ್ಟ್ರಮರ್ ತೊಟ್ಟಿದ್ದ ಟೀ ಶರ್ಟಿನ ಮೇಲೆ ಇಟಲಿಯ ಎಡಪಂಥೀಯ ಉಗ್ರ ಸಂಘಟನೆ 'ರೆಡ್ ಬ್ರಿಗೇಡ್ಸ್' ಹೆಸರಿತ್ತು. ಅದೇ ಹೊತ್ತಿನಲ್ಲಿ ಆ ಗುಂಪು ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ಒತ್ತೆಯಿಟ್ಟುಕೊಂಡಿತ್ತು. ಒಂಬತ್ತು ದಿನಗಳ ನಂತರ ಕೊಂದಿತು. ಆ ಫೋಟೊ ನೋಡಿದಾಗಲೆಲ್ಲ ನನಗೆ ಕಸಿವಿಸಿ. ಟೀಕೆಗೆ ಲೇಖಕರಿಗೆ ಒಂದು ಅಂಗಿಯೇ ಬೇಕಿದ್ದರೆ ಇದನ್ನು ಎತ್ತಿಕೊಳ್ಳಬಹುದಿತ್ತು.