ಬರೆ ಕುಸಿದರೆ ಜೆಪಿಜಿಯಲ್ಲೇ ಕುಸಿಯಬೇಕು

ಕೊಡಗಿನಲ್ಲಿ ಬರೆ, ಅಂದರೆ ಮನೆ ಹಿಂದಿನ ಮಣ್ಣಿನ ಇಳಿಜಾರು, ಕುಸಿಯುವಾಗ ಯಾರ ಅನುಮತಿಯನ್ನೂ ಕೇಳುವುದಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಬಿಡದೆ ಹೊಡೆದರೆ ಸಾಕು, ರಾತ್ರಿ ಯಾವ ಹೊತ್ತಿಗೋ ಜರಿಯುತ್ತದೆ. ಸೌದೆ ಕೊಟ್ಟಿಗೆ, ಹಿತ್ತಲ ಗೋಡೆ, ಮೆಣಸಿನ ಬಳ್ಳಿ ಹಬ್ಬಿದ ಮರ ಎಲ್ಲವನ್ನೂ ಎಳೆದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಆದಮೇಲಂತೂ ಮೋಡ ಕಪ್ಪಾದರೆ ನಮ್ಮ ಜನ ಮೊದಲು ನೋಡುವುದು ಮನೆ ಹಿಂದಿನ ಬರೆಯನ್ನೇ.

ನಿಯಮಗಳು ಶುರುವಾಗುವುದು ಕುಸಿದ ಮೇಲೆ. ಪರಿಹಾರಕ್ಕೆ ಅರ್ಜಿ ಹಾಕಬೇಕು, ಅದೂ ಆನ್‌ಲೈನ್. ಅರ್ಜಿ ಜೊತೆ ಫೋಟೋ ಬೇಕು. ಫೋಟೋ ಫೈಲ್‌ನ ಬಗೆ (ಫಾರ್ಮ್ಯಾಟ್) ಜೆಪಿಜಿಯೇ ಆಗಿರಬೇಕು. 50 ಕೆಬಿ ಮೀರಬಾರದು. ಆದರೆ ಸ್ಪಷ್ಟವಾಗಿರಬೇಕು. ಅದರ ಮೇಲೆ ಜಾಗದ ಅಕ್ಷಾಂಶ, ರೇಖಾಂಶ ಓದಲು ಬರಬೇಕು. ಇಷ್ಟನ್ನೂ ಒಟ್ಟಿಗೆ ಪಾಲಿಸುವ ಫೋಟೋ ಈ ಭೂಮಿ ಮೇಲೆ ಇದೆಯಾ ಅಂತ ಆ ನಿಯಮ ಬರೆದವರು ಒಮ್ಮೆಯಾದರೂ ತೆಗೆದು ನೋಡಿದ್ದಾರಾ, ಗೊತ್ತಿಲ್ಲ.

ನಮ್ಮ ಪಕ್ಕದ ತೋಟದ ಮಾವನ ಕಥೆ ಕೇಳಿ. ಫೋಟೋ ತೆಗೆದ ಫೋನೇ ಮಳೆಯಲ್ಲಿ ನೆನೆದು ಸತ್ತಿತು. ಪುಣ್ಯಕ್ಕೆ ಅದೇ ಫೋಟೋ ಒಂದು ಸ್ಥಳೀಯ ಸುದ್ದಿ ಜಾಲತಾಣದಲ್ಲಿ ಬಂದಿತ್ತು. ಅಲ್ಲಿಂದ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದರು. ಹುಡುಗ ನೋಡಿದ, ತಲೆ ಅಲ್ಲಾಡಿಸಿದ.

"ಅಂಕಲ್, ಇದು ವೆಬ್‌ಪಿ. ತಗೊಳಲ್ಲ."

"ಅದು ನಮ್ಮ ಮನೆ ಕಣೋ!"

"ಮನೆ ನಿಮ್ದೇ ಅಂಕಲ್. ಫಾರ್ಮ್ಯಾಟ್ ಸರಿ ಇಲ್ಲ."

ಈ ವೆಬ್‌ಪಿ ಅನ್ನುವ ಫೋಟೋ ಫಾರ್ಮ್ಯಾಟ್ ನಿನ್ನೆ ಮೊನ್ನೆ ಬಂದದ್ದಲ್ಲ. ಗೂಗಲ್ ಇದನ್ನು ಹೊರಗೆ ಬಿಟ್ಟದ್ದು 2010ರಲ್ಲಿ. ಉದ್ದೇಶ ಒಂದೇ, ಫೋಟೋ ಹಗುರಾಗಬೇಕು, ಪುಟ ಬೇಗ ತೆರೆಯಬೇಕು. ಗೂಗಲ್ ಲೆಕ್ಕದಲ್ಲಿ, ಅದೇ ಗುಣಮಟ್ಟದ ಜೆಪಿಜಿಗಿಂತ ಇದು ಶೇ 25ರಿಂದ 34ರಷ್ಟು ಸಣ್ಣದು. ಫೈರ್‌ಫಾಕ್ಸ್ ಬ್ರೌಸರ್ 2019ರಲ್ಲಿ ಒಪ್ಪಿಕೊಂಡಿತು. ಆಪಲ್‌ನವರ ಸಫಾರಿ ಕೂಡ ಬಿಗುಮಾನ ಬಿಟ್ಟು 2020ರಲ್ಲಿ ಒಪ್ಪಿಕೊಂಡಿತು. ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಸ್ಟಿಕ್ಕರ್ ಇದೆ ಅಲ್ವಾ, ಅದೂ ವೆಬ್‌ಪಿಯೇ. ಒಪ್ಪದೆ ಕೂತಿರುವುದು ನಮ್ಮ ಅರ್ಜಿಯ ಪೋರ್ಟಲ್ ಮಾತ್ರ. ಅದಕ್ಕೆ 1992ರ ಜೆಪೆಗ್, ಅಂದರೆ ಅದೇ ಜೆಪಿಜಿ, ಒಂದೇ ನಂಟ.

ಇಲ್ಲಿರುವ ತಮಾಷೆ ನೋಡಿ. ಪೋರ್ಟಲ್‌ಗೆ ಸಣ್ಣ ಫೈಲ್ ಬೇಕು. ವೆಬ್‌ಪಿ ಹುಟ್ಟಿದ್ದೇ ಫೈಲ್ ಸಣ್ಣದಾಗಲಿ ಅಂತ. ಮಾವನ ಫೋಟೋ 41 ಕೆಬಿ ಇತ್ತು, ಅಂದರೆ ಮಿತಿಯ ಒಳಗೇ. ಅದನ್ನು ಜೆಪಿಜಿ ಮಾಡಿದರೆ 70 ಆಯಿತು. ಆಗ ಪೋರ್ಟಲ್ ಹೇಳಿತು, ಜಾಸ್ತಿ ಆಯಿತು, ಕಡಿಮೆ ಮಾಡಿ. ಕಡಿಮೆ ಮಾಡಿದರು. ಮನೆ ಮಬ್ಬಾಯಿತು. ಮೇಲಿದ್ದ ಅಕ್ಷಾಂಶ ರೇಖಾಂಶದ ಅಂಕಿಗಳು ಇರುವೆ ಸಾಲಿನ ಹಾಗೆ ಕಂಡವು. ಆಮೇಲೆ ಒಂದು ಮೆಸೇಜ್: ಫೋಟೋ ಸ್ಪಷ್ಟವಿಲ್ಲ, ಮರು ಸಲ್ಲಿಸಿ.

ಹುಡುಗ ಜಾಣ. ಎರಡನೇ ಸಲ ಪರಿವರ್ತನೆಯ ಗೋಜಿಗೇ ಹೋಗಲಿಲ್ಲ. ಅಸಲಿ ಫೈಲ್ ತೆಗೆದ, ಹೆಸರಿನ ಕೊನೆಯಲ್ಲಿದ್ದ ವೆಬ್‌ಪಿ ಅಳಿಸಿದ, ಜೆಪಿಜಿ ಅಂತ ಬರೆದ. ಪೋರ್ಟಲ್ ಹಸಿರು ಟಿಕ್ ಹಾಕಿತು! ಅದು ನೋಡುವುದು ಹೆಸರಿನ ಬಾಲವನ್ನು ಮಾತ್ರ. ಅದೇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ಆರ್‌ಐಎಫ್‌ಎಫ್ ಅಂತ ನಾಲ್ಕು ಅಕ್ಷರ, ಸ್ವಲ್ಪ ಆಚೆಗೆ ವೆಬ್‌ಪಿ ಅಂತ ಇನ್ನು ನಾಲ್ಕು ಅಕ್ಷರ, ಆಮೇಲೆ ಯಾರಿಗೂ ಅರ್ಥವಾಗದ ಕಸ. ಒಳಗಿನ ಜಾತಿ ಅದೇ ಹೇಳುತ್ತದೆ. ಕಚೇರಿಯ ಹಳೆ ಕಂಪ್ಯೂಟರ್‌ನಲ್ಲಿ ಆ ಫೋಟೋ ತೆರೆಯಲಿಲ್ಲ. ಮತ್ತೊಂದು ಮೆಸೇಜ್: ಫೈಲ್ ಹಾಳಾಗಿದೆ. ಹೆಸರು ಬದಲಿಸಿದ್ದಕ್ಕೆ ಪೋರ್ಟಲ್ ಬಹುಮಾನ ಕೊಟ್ಟಿತು, ಕಚೇರಿ ದಂಡ ಹಾಕಿತು. ಎರಡೂ ಒಂದೇ ಸರ್ಕಾರದ್ದು.

ನಿಜಕ್ಕೂ ಪರಿವರ್ತನೆ ದೊಡ್ಡ ವಿದ್ಯೆ ಏನಲ್ಲ. ಈಗಿನ ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು ಸೇವ್ ಆ್ಯಸ್ ಕೊಟ್ಟು ಜೆಪೆಗ್ ಆರಿಸಿದರೆ ಆಯಿತು. ಮ್ಯಾಕ್ ಇದ್ದವರು ಪ್ರಿವ್ಯೂನಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿಟ್ಟರೆ ಹೈಕ್ (HEIC) ಅನ್ನುವ ಇನ್ನೊಂದು ಫೋಟೋ ಫಾರ್ಮ್ಯಾಟ್‌ನ ತಲೆನೋವೂ ತಪ್ಪುತ್ತದೆ. ಆದರೆ ಜನ ಇದನ್ನೆಲ್ಲ ಬಿಟ್ಟು, ಉಚಿತ ಅಂತ ಬರೆದಿರುವ ಯಾವುದೋ ಊರು ಗೊತ್ತಿಲ್ಲದ ಜಾಲತಾಣಕ್ಕೆ ಆಧಾರ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹಾಕುತ್ತಾರೆ. ಮನೆ ಬಾಗಿಲಿಗೆ ಬಂದ ಅಪರಿಚಿತನಿಗೆ ನೀರು ಕೊಡಲೂ ಹತ್ತು ಸಲ ಯೋಚಿಸುವವರು ಇವರೇ.

ಸಹಿಯ ಕಥೆ ಇನ್ನೂ ಚಂದ. ಮಾವನ ಮೊಮ್ಮಗಳು ಸಹಿಯ ಹಿಂದಿನ ಕಾಗದವನ್ನು ಅಳಿಸಿ ಹಿನ್ನೆಲೆ ಇಲ್ಲದಂತೆ ಅಚ್ಚುಕಟ್ಟಾಗಿ ಮಾಡಿ ಕಳಿಸಿದ್ದಳು. ಜೆಪಿಜಿಗೆ ಪಾರದರ್ಶಕತೆ ಗೊತ್ತಿಲ್ಲ. (ಕಚೇರಿಗೂ ಅಷ್ಟೇ ಬಿಡಿ.) ಪರಿವರ್ತಿಸಿದಾಗ ಖಾಲಿ ಜಾಗವೆಲ್ಲ ಕಪ್ಪಾಯಿತು. ಕಪ್ಪು ಶಾಯಿಯ ಸಹಿ ಕಪ್ಪಿನಲ್ಲೇ ಮುಳುಗಿತು. ಅರ್ಜಿದಾರರ ಸಹಿ ಜಾಗದಲ್ಲಿ ಅಮಾವಾಸ್ಯೆ ರಾತ್ರಿ. ಅದನ್ನು ಮಾತ್ರ ಪೋರ್ಟಲ್ ಒಂದೇ ಏಟಿಗೆ ಒಪ್ಪಿಕೊಂಡಿತು. ಜೆಪಿಜಿ ಹೌದು, 50 ಕೆಬಿ ಒಳಗಿದೆ, ಇನ್ನೇನು ಬೇಕು?

ಕಡೆಗೆ ಬೆಂಗಳೂರಿನಲ್ಲಿರುವ ಅಳಿಯ ರಾತ್ರಿ ಕೂತು ಎಲ್ಲ ಸರಿಮಾಡಿ ಕಳಿಸಿದ. ಉದ್ದಗಲ ಕಡಿಮೆ ಮಾಡಿ, ಗುಣಮಟ್ಟ ಆದಷ್ಟು ಉಳಿಸಿ, 49 ಕೆಬಿಗೆ ತಂದಿದ್ದ. ಅಷ್ಟು ಹೊತ್ತಿಗೆ ನಮ್ಮಲ್ಲಿ ಕರೆಂಟ್ ಇಲ್ಲ, ಟವರ್‌ನ ಬ್ಯಾಟರಿ ಮುಗಿದು ನೆಟ್‌ವರ್ಕ್ ಇಲ್ಲ. ಕರೆಂಟ್ ಬಂದ ದಿನ ಪೋರ್ಟಲ್ ನಿರ್ವಹಣೆಯಲ್ಲಿತ್ತು. ನಿರ್ವಹಣೆ ಮುಗಿದ ದಿನ ಅರ್ಜಿ ಸಲ್ಲಿಕೆಯಾಯಿತು. ಮಾವ ಆ ಸಂಜೆ ಮನೆಮಂದಿಗೆಲ್ಲ ಕಾಫಿ ಕೊಡಿಸಿದರು. ಅವರದೇ ತೋಟದ ಕಾಫಿ, ಹೋಟೆಲ್‌ನಲ್ಲಿ ದುಡ್ಡು ಕೊಟ್ಟು.

ಮರುವಾರ ಕಚೇರಿಯಿಂದ ಫೋನ್ ಬಂತು.

"ಫೋಟೋ ಬಂದಿದೆ ಸಾರ್, ಚೆನ್ನಾಗಿದೆ. ಆದ್ರೆ ಫೈಲ್‌ಗೆ ಹಾಕೋಕೆ ಕಲರ್ ಪ್ರಿಂಟ್ ಬೇಕು, ನಮ್ಮಲ್ಲಿ ಇಂಕ್ ಇಲ್ಲ. ಎರಡು ಪ್ರತಿ ತಗೊಂಡು ಬನ್ನಿ, ಹಿಂದೆ ಸಹಿ ಹಾಕಿ. ನಾವು ಸ್ಕ್ಯಾನ್ ಮಾಡಿ ಮತ್ತೆ ಅಪ್‌ಲೋಡ್ ಮಾಡ್ತೀವಿ."

"ಜೆಪಿಜಿಯಲ್ಲಾ?" ಅಂತ ಮಾವ ಕೇಳಿದರು.

"ಇಲ್ಲ ಸಾರ್. ಪಿಡಿಎಫ್."