ಆಶಾ ಅಕ್ಕನಿಗೆ ಮಾತಾಡೋಕೆ ನಾಚಿಕೆ ಅನ್ನುವವರಿಗೆ

"ನಮ್ಮ ಆಶಾಗಳಿಗೆ, ಸಿಸ್ಟರ್‌ಗಳಿಗೆ ಇಂಥ ವಿಷಯ ಮಾತಾಡೋಕೆ ನಾಚಿಕೆ ಮೇಡಂ. ಅಲ್ಲೇ ಇರೋದು ಸಮಸ್ಯೆ."

ಲೈಂಗಿಕ ಆರೋಗ್ಯದ ಯಾವ ಸಭೆಗೆ ಹೋದರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಸಾಮಾನ್ಯವಾಗಿ ಎಸಿ ರೂಮಿನಲ್ಲಿ ಮುಂದಿನ ಸಾಲಿನಲ್ಲಿ ಕೂತವರು. ನಾನು ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸ ಮಾಡುತ್ತೇನೆ. ನಾಚಿಕೆ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಅದೇ ಸಮಸ್ಯೆ ಅನ್ನುವುದನ್ನು ಒಪ್ಪುವುದಿಲ್ಲ.

ಹೆರಿಗೆ ವಾರ್ಡಿನ ಹೊರಗೆ ಅರ್ಧ ಗಂಟೆ ನಿಂತು ನೋಡಿ. ನೋವಿಗೆ ಕೂಗುವ ಹೆಂಗಸಿಗೆ ಒಳಗಿಂದ ಬೈಗುಳ ಕೇಳಿಸುತ್ತದೆ. "ಗಂಡನ ಹತ್ರ ಹೋಗುವಾಗ ಗೊತ್ತಾಗಲಿಲ್ವಾ, ಈಗ್ಯಾಕೆ ಅರಚ್ತೀಯ?" ಹೆತ್ತವರು ಬಹಳ ಜನ ಇದನ್ನು ಕೇಳಿಸಿಕೊಂಡವರೇ. ಎಲ್ಲ ಕಡೆಯೂ ಹೀಗೆ ಅಲ್ಲ, ತಾಯಿಯ ಹಾಗೆ ನೋಡಿಕೊಳ್ಳುವ ಸಿಸ್ಟರ್‌ಗಳೂ ಬೇಕಾದಷ್ಟು ಜನ ಇದ್ದಾರೆ. ಆದರೂ ಕೇಳುತ್ತೇನೆ, ಬೈಯುವಾಗ ಆ ನಾಚಿಕೆ ಎಲ್ಲಿ ಹೋಗಿರುತ್ತದೆ? ಅದೇ ವಿಷಯವನ್ನು ಬೈಯೋಕೆ ಬರುತ್ತದೆ, ಕೇಳೋಕೆ ಬರುವುದಿಲ್ಲ. ಬೈಯುವವರು ಮೇಲೆ ನಿಂತು ಬೈಯಬಹುದು. "ನಿಮಗೆ ಸೇರುವಾಗ ನೋವಾಗುತ್ತಾ?" ಅಂತ ಕೇಳಬೇಕಾದರೆ ಪಕ್ಕದಲ್ಲಿ ಕೂರಬೇಕು. ಕೂರಲು ಜಾಗ ಬೇಕು, ಸಮಯ ಬೇಕು, ಬಂದ ಉತ್ತರವನ್ನು ಏನು ಮಾಡಬೇಕು ಅಂತ ಗೊತ್ತಿರಬೇಕು. ಈ ಮೂರರಲ್ಲಿ ನಾವು ಅವರಿಗೆ ಎಷ್ಟು ಕೊಟ್ಟಿದ್ದೇವೆ?

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಇದೆ. ಐಸಿಟಿಸಿ ಅಂತ ಬೋರ್ಡ್ ಇರುವ ಎಚ್‌ಐವಿ ಪರೀಕ್ಷೆಯ ಕೋಣೆಗೆ ಹೋಗಿ. ಅಲ್ಲಿನ ಆಪ್ತ ಸಮಾಲೋಚಕಿಯೂ ಇದೇ ಜಿಲ್ಲೆಯ, ಇಂಥದೇ ಮನೆಯ ಹೆಣ್ಣುಮಗಳು. "ಕಾಂಡೋಮ್ ಬಳಸಿದ್ರಾ? ಹೆಂಡತಿ ಬಿಟ್ಟು ಬೇರೆಯವರ ಜೊತೆ ಸಂಬಂಧ ಇತ್ತಾ? ಹೆಂಗಸರ ಜೊತೆನಾ, ಗಂಡಸರ ಜೊತೆನಾ?" ಅಂತ ಅವಳು ಸರಾಗವಾಗಿ ಕೇಳುತ್ತಾಳೆ. ಅವಳೇನು ನಾಚಿಕೆ ಬಿಟ್ಟು ಹುಟ್ಟಿದವಳಲ್ಲ. ಅವಳಿಗೆ ಬಾಗಿಲಿರುವ ಕೋಣೆ ಇದೆ, ಎದುರಿಗೊಂದು ಕುರ್ಚಿ ಇದೆ. ಮಾತಾಡುವುದೇ ಅವಳ ಹುದ್ದೆ. ಮಾತಾಡುವುದನ್ನು ಅಭ್ಯಾಸ ಮಾಡಿಸಿ ಅವಳನ್ನು ಅಲ್ಲಿ ಕೂರಿಸಿದ್ದಾರೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಬಯಲು ಮಾಡುವ ಹಾಗಿಲ್ಲ ಅನ್ನುವ ಕಾನೂನು ಬೆನ್ನಿಗಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ಅದೇ ಆಸ್ಪತ್ರೆಯ ಒಪಿಡಿಗೆ ಬನ್ನಿ. ಒಂದು ಟೇಬಲ್, ಸುತ್ತ ನಾಲ್ಕು ಜನ, ಹಿಂದೆ ಸಾಲು. "ಏನಮ್ಮಾ ತೊಂದರೆ?" ಅಂದರೆ ಆ ಹೆಂಗಸು ಏನು ಹೇಳಬೇಕು? ಹಿಂದೆ ನಿಂತಿರುವುದು ಅವಳ ಬೀದಿಯವರು. "ಸೊಂಟ ನೋವು, ಸುಸ್ತು" ಅನ್ನುತ್ತಾಳೆ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ತಗೊಂಡು ಹೋಗುತ್ತಾಳೆ.

ಇದು ಬರೀ ಸಂಕೋಚದ ಪ್ರಶ್ನೆ ಆಗಿದ್ದರೆ ನಾನೂ ಇಷ್ಟುದ್ದ ಬರೆಯುತ್ತಿರಲಿಲ್ಲ. ಲೈಂಗಿಕ ಸೋಂಕುಗಳ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಣ್ಣದ ಕಿಟ್‌ಗಳಿವೆ. ಮೂತ್ರನಾಳದಲ್ಲಿ ಕೀವು ಬಂದರೆ ಬೂದು ಬಣ್ಣದ್ದು. ಬಿಳಿ ಹೋಗುವುದಕ್ಕೆ ಹಸಿರು. ಸೋಂಕಿನಿಂದ ಬರುವ ಕೆಳಹೊಟ್ಟೆ ನೋವಿಗೆ ಹಳದಿ. ಎಲ್ಲ ಕಡೆ ಲ್ಯಾಬ್ ಇರುವುದಿಲ್ಲ, ವರದಿಗೆ ಕಾದರೆ ರೋಗಿ ವಾಪಸ್ ಬರುವುದಿಲ್ಲ. ಅದಕ್ಕೇ ಲಕ್ಷಣ ಕೇಳಿ, ನೋಡಿ, ಅವತ್ತೇ ಔಷಧಿ ಕೊಡುವ ಈ ಪದ್ಧತಿ ಬಂತು. ಒಳ್ಳೆಯ ಪದ್ಧತಿಯೇ. ಆದರೆ ಇದರಲ್ಲಿ ರೋಗ ಕಂಡುಹಿಡಿಯುವುದು ಹೆಚ್ಚಾಗಿ ಮಾತಿನಿಂದ. ಏನು ಹೋಗುತ್ತಿದೆ, ಯಾವ ಬಣ್ಣ, ವಾಸನೆ ಇದೆಯಾ, ತುರಿಕೆ ಇದೆಯಾ, ಗಂಡನಿಗೂ ಉರಿಮೂತ್ರ ಇದೆಯಾ? ಇಷ್ಟು ಕೇಳದಿದ್ದರೆ ತಪ್ಪು ಕಿಟ್ ಹೋಗುತ್ತದೆ, ಇಲ್ಲವೇ ಯಾವ ಕಿಟ್ಟೂ ಹೋಗುವುದಿಲ್ಲ. ಹೆಂಡತಿಗೆ ಔಷಧಿ ಕೊಟ್ಟು ಗಂಡನನ್ನು ಬಿಟ್ಟರೆ ಎಷ್ಟೋ ಸೋಂಕು ಮತ್ತೆ ಅವಳಿಗೇ ಬರುತ್ತದೆ. ಗಂಡನಿಗೆ ಔಷಧಿ ಕೊಡಬೇಕಾದರೆ ಗಂಡನ ವಿಷಯ ಎತ್ತಲೇಬೇಕಲ್ವಾ?

ಇನ್ನು ಆಶಾ ಕಥೆ. ಆಶಾ ಆಗಬೇಕಾದರೆ ಅದೇ ಊರಿನವಳಾಗಿರಬೇಕು, ಮದುವೆಯಾದವಳು, ವಿಧವೆ ಅಥವಾ ವಿಚ್ಛೇದಿತೆ ಆಗಿರಬೇಕು ಅನ್ನುವುದು 2005ರಲ್ಲಿ ಯೋಜನೆ ಬಂದಾಗಿನಿಂದ ಇರುವ ನಿಯಮ. ಬಸುರಿ, ಬಾಣಂತಿ, ಮಕ್ಕಳ ಲಸಿಕೆ, ಇದಕ್ಕೆಲ್ಲ ಅದೇ ಅವಳ ಬಲ. ಎಲ್ಲರ ಮನೆ ಹಿತ್ತಲ ತನಕ ಹೋಗಬಲ್ಲವಳು ಅವಳೊಬ್ಬಳೇ. ಆದರೆ ಹತ್ತೊಂಬತ್ತರ ಹುಡುಗಿಗೆ ಮುಟ್ಟು ತಡವಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ, ಅಮ್ಮನ ಸ್ವಸಹಾಯ ಸಂಘದಲ್ಲೇ ಇರುವ ಆಶಾ ಅಕ್ಕನ ಹತ್ತಿರ ಬರುತ್ತಾಳಾ? ದೂರದ ಊರಿನ ಮೆಡಿಕಲ್ ಶಾಪಿಗೆ ಹೋಗುತ್ತಾಳೆ. ಆಶಾಳ ಕಡೆಯಿಂದಲೂ ನೋಡಿ. ನಿರೋಧ್ ಮನೆಗೆ ತಂದುಕೊಡುವ ಯೋಜನೆ 2011ರಲ್ಲಿ ಶುರುವಾಯಿತು. ಮೂರರ ಪ್ಯಾಕಿಗೆ ಒಂದು ರೂಪಾಯಿ ಇಸಿದುಕೊಳ್ಳಬಹುದು. ಆ ಒಂದು ರೂಪಾಯಿಗಾಗಿ ಅವಳು ಊರಿನ ಕಟ್ಟೆ ಮೇಲೆ ಕೂತವರ ಎಷ್ಟು ಮಾತು ಕೇಳಬೇಕು ಅಂತ ಯೋಜನೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. "ನಿಮ್ಮ ಸೊಸೆ ಅದನ್ನ ಹಂಚ್ಕೊಂಡು ತಿರುಗ್ತಾಳೆ" ಅಂತ ಅತ್ತೆಗೆ ಹೇಳಿದವರಿದ್ದಾರೆ. ಇಂಥವಳಿಗೆ "ಮುಕ್ತವಾಗಿ ಮಾತಾಡು" ಅಂತ ಬುದ್ಧಿ ಹೇಳುವ ಮೊದಲು, ಅವಳ ಪರವಾಗಿ ಪಂಚಾಯ್ತಿಯಲ್ಲಿ ಒಮ್ಮೆ ಡಾಕ್ಟರೇ ಎದ್ದು ನಿಂತು ಮಾತಾಡಲಿ. ಆಗ ಊರಿನವರು ಅದನ್ನು ಆಸ್ಪತ್ರೆಯ ಕೆಲಸ ಅಂತ ನೋಡುತ್ತಾರೆ.

ತರಬೇತಿ ವಿಷಯಕ್ಕೆ ಬರುತ್ತೇನೆ, ಅದು ನನ್ನ ಅಂಗಡಿ. ಬಹಳ ಕಡೆ ಲೈಂಗಿಕ ಆರೋಗ್ಯದ ತರಬೇತಿ ಅಂದರೆ ಹುಣ್ಣು, ಕೀವಿನ ಫೋಟೋಗಳ ಸ್ಲೈಡು. ಊಟ ಸೇರದ ಹಾಗೆ ಮಾಡಿ ಕಳಿಸುತ್ತಾರೆ. ಬಂದವರು ಸಂಜೆಯ ತನಕ ಬಾಯಿ ಬಿಟ್ಟಿರುವುದಿಲ್ಲ. ದಿನವಿಡೀ ಸುಮ್ನೆ ಕೂತವಳು ಮರುದಿನ ಉಪಕೇಂದ್ರದಲ್ಲಿ ಮಾತಾಡುತ್ತಾಳೆ ಅಂತ ಹೇಗೆ ನಂಬುವುದು? ಈಜು ಕಲಿಸುತ್ತೇವೆ ಅಂತ ದಡದಲ್ಲಿ ಕೂರಿಸಿ ಪಾಠ ಓದಿದ ಹಾಗೆ ಇದು.

ನಾನು ನೋಡಿದ ಮಟ್ಟಿಗೆ ಕೆಲಸ ಮಾಡುವುದು ಬಾಯಿ ಬಿಡಿಸುವ ತರಬೇತಿ. ಮೂರು ಮೂರು ಜನರ ಗುಂಪು ಮಾಡುತ್ತೇವೆ. ಒಬ್ಬಳು ರೋಗಿ, ಒಬ್ಬಳು ಸಿಸ್ಟರ್, ಮೂರನೆಯವಳು ಸುಮ್ಮನೆ ಸಿಸ್ಟರ್ ಮುಖ ನೋಡುತ್ತಿರಬೇಕು. ರೋಗಿಯ ಕೈಗೆ ಒಂದು ಚೀಟಿ. "ಮದುವೆಯಾಗಿ ಆರು ತಿಂಗಳು, ಸೇರೋಕೆ ಆಗ್ತಿಲ್ಲ, ಅತ್ತೆ ಮಗು ಯಾವಾಗ ಅಂತಾರೆ." "ಮುಟ್ಟು ನಿಂತು ಎರಡು ವರ್ಷ, ಕೆಳಗೆ ಒಣಗಿ ಉರಿಯುತ್ತೆ, ಗಂಡ ಬಿಡಲ್ಲ." "ನನಗೆ ಹುಡುಗಿಯರ ಮೇಲೆ ಮನಸ್ಸಿಲ್ಲ, ಮನೇಲಿ ಹೆಣ್ಣು ನೋಡ್ತಿದ್ದಾರೆ." ಮೊದಲ ಹತ್ತು ನಿಮಿಷ ಬರೀ ನಗು. ನಗಲಿ ಬಿಡಿ, ನಗಿಸದೆ ಈ ಬೀಗ ತೆಗೆಯೋಕೆ ಆಗಲ್ಲ. ಆಮೇಲೆ ಮೂರನೆಯವಳ ವರದಿ ಬರುತ್ತದೆ. "ಮಾತೇನೋ ಚೆನ್ನಾಗೇ ಆಡಿದಳು ಮೇಡಂ, ಆದರೆ 'ಮದುವೆ ಆಗಿಲ್ಲ' ಅಂದ ತಕ್ಷಣ ಹುಬ್ಬು ಮೇಲೆ ಹೋಯ್ತು." ರೋಗಿ ಮುಚ್ಚಿಕೊಳ್ಳುವುದು ಆ ಹುಬ್ಬು ನೋಡಿಯೇ. ಇದನ್ನು ನಾನು ಹೇಳಿದರೆ ತಟ್ಟುವುದಿಲ್ಲ. ಜೊತೆಯವಳು ಹೇಳಿದರೆ ತಟ್ಟುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಕಲಿಯುವಂಥದ್ದೇ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಆನನ್ ಲೈಂಗಿಕ ಸಮಸ್ಯೆಗಳ ಬಗ್ಗೆ ಮಾತಾಡಲು ನಾಲ್ಕು ಹಂತದ ದಾರಿ ಹಾಕಿಕೊಟ್ಟರು. ಮೊದಲ ಹಂತ ಅನುಮತಿ, ಅಂದರೆ ಇದನ್ನು ಇಲ್ಲಿ ಹೇಳಬಹುದು ಅನ್ನುವ ಧೈರ್ಯ ಕೊಡುವುದು. ಎರಡನೆಯದು ಬೇಕಾದಷ್ಟೇ ಮಾಹಿತಿ. ಮೂರನೆಯದು ಅವರವರ ತೊಂದರೆಗೆ ತಕ್ಕ ಸಲಹೆ. ಕೊನೆಯದು ಪರಿಣತರ ಚಿಕಿತ್ಸೆ. ಬಹಳ ಜನಕ್ಕೆ ಮೊದಲ ಎರಡು ಹಂತವೇ ಸಾಕಾಗುತ್ತದೆ. "ಇಲ್ಲಿ ಬರೋ ಎಲ್ಲರಿಗೂ ಇದನ್ನ ಕೇಳ್ತೀನಿ, ನಿಮಗೆ ಇಷ್ಟ ಇದ್ದರೆ ಹೇಳಿ" ಅನ್ನುವ ಒಂದು ಸಾಲು ಎಷ್ಟು ಬಾಗಿಲು ತೆಗೆಯುತ್ತದೆ ಗೊತ್ತಾ? ಅದಕ್ಕೆ ಎಂಬಿಬಿಎಸ್ ಬೇಡ.

ಮನಸ್ಸಿನ ಅಭಿಪ್ರಾಯದ ಕೆಲಸ ಇದಕ್ಕಿಂತ ಕಷ್ಟ. ಅಲ್ಲಿ ನಾನು ಉಪದೇಶ ಮಾಡುವುದಿಲ್ಲ, ಕಾನೂನು ಮುಂದಿಡುತ್ತೇನೆ. ಗರ್ಭಪಾತಕ್ಕೆ ಬಂದವಳಿಗೆ "ಗಂಡನನ್ನ ಕರ್ಕೊಂಡು ಬಾ, ಸಹಿ ಬೇಕು" ಅನ್ನುವುದು ಇವತ್ತಿಗೂ ನಡೆಯುತ್ತದೆ. 1971ರ ಕಾಯ್ದೆಯಲ್ಲೇ ಗಂಡನ ಸಹಿ ಇಲ್ಲ. ಹದಿನೆಂಟು ತುಂಬಿದವಳಾದರೆ ಅವಳ ಒಪ್ಪಿಗೆ ಒಂದೇ ಸಾಕು. ಗರ್ಭನಿರೋಧಕ ಕೈಕೊಟ್ಟಾಗಿನ ಗರ್ಭಪಾತದ ನಿಯಮದಲ್ಲಿ ಗಂಡ ಅನ್ನುವ ಪದ ಇತ್ತು, 2021ರ ತಿದ್ದುಪಡಿಯಲ್ಲಿ ಆ ಜಾಗಕ್ಕೆ ಸಂಗಾತಿ ಬಂತು. ಅವಳ ಹೆಸರು ಬಯಲು ಮಾಡಿದರೆ ಒಂದು ವರ್ಷದ ತನಕ ಜೈಲು ಅಂತಲೂ ಸೇರಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರದ ಗರ್ಭ ತೆಗೆಸುವ ಅವಕಾಶದಿಂದ ಮದುವೆಯಾಗದವರನ್ನು ಹೊರಗಿಡುವ ಹಾಗಿಲ್ಲ ಅಂದಿತು. ಇದನ್ನೆಲ್ಲ ಹೇಳಿದಾಗ ತರಬೇತಿ ಹಾಲ್ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಒಬ್ಬಳ ಅಭಿಪ್ರಾಯ ಒಂದು ಮಧ್ಯಾಹ್ನದಲ್ಲಿ ಬದಲಾಗಲ್ಲ. ಆದರೆ "ನನ್ನ ಅಭಿಪ್ರಾಯ ನನ್ನ ಮನೆಯಲ್ಲಿ, ಇಲ್ಲಿ ಅವಳ ಹಕ್ಕು" ಅಂತ ಬೇರೆ ಮಾಡಿ ನೋಡುವುದನ್ನು ಕಲಿಯಬಹುದು.

ಹದಿನೆಂಟು ತುಂಬದವರ ವಿಷಯ ಮಾತ್ರ ನಿಜಕ್ಕೂ ಇಕ್ಕಟ್ಟು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಇಷ್ಟಪಟ್ಟು ಸೇರಿದ್ದರೂ ಅಷ್ಟೇ. ಅದೇ 2022ರ ತೀರ್ಪು, ಗರ್ಭಪಾತಕ್ಕೆ ಬಂದ ಬಾಲಕಿಯೂ ಪೋಷಕರೂ ಕೇಳಿಕೊಂಡರೆ ಡಾಕ್ಟರು ಆ ವರದಿಯಲ್ಲಿ ಅವಳ ಹೆಸರು ಹೇಳಬೇಕಿಲ್ಲ ಅಂತ ಸ್ವಲ್ಪ ಉಸಿರಾಡುವ ಜಾಗ ಕೊಟ್ಟಿದೆ. ಆದರೆ ಹದಿಹರೆಯದವರಿಗೆ ಅಂತ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಕೂತ ಸಮಾಲೋಚಕಿಗೆ ಭಯ ಹೋಗಿಲ್ಲ. ನನ್ನ ಸಲಹೆ ಇಷ್ಟೇ. "ಯಾರಿಗೂ ಹೇಳಲ್ಲ" ಅಂತ ಮಕ್ಕಳಿಗೆ ಸುಳ್ಳು ಭರವಸೆ ಕೊಡಬೇಡಿ. ಯಾವುದನ್ನು ಗುಟ್ಟಾಗಿ ಇಡಬಹುದು, ಯಾವುದನ್ನು ಇಡೋಕೆ ಆಗಲ್ಲ ಅಂತ ಮಾತು ಶುರು ಮಾಡುವ ಮೊದಲೇ ಹೇಳಿ.

"ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ..." ಅಂತ ಬರುವವರಿಗೆ ಇಲ್ಲೇ ಒಂದು ಮಾತು. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ನಿಲ್ಲಿಸಿದವು, ಅದರಲ್ಲಿ ನಮ್ಮದೂ ಒಂದು. ಮೇಷ್ಟ್ರು ಹೇಳಬಾರದು ಅಂದರು, ಅಮ್ಮ ಹೇಳಲ್ಲ. ಉಳಿದವರು ಯಾರು? ಸಿಸ್ಟರು ಮತ್ತು ಮೊಬೈಲು. ಮೊಬೈಲಿಗಂತೂ ನಾಚಿಕೆ ಇಲ್ಲ.

ಈ ರಾಜ್ಯಕ್ಕೆ ಇದು ಹೊಸ ಪಾಠವೂ ಅಲ್ಲ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಆಶೋದಯ ಸಮಿತಿ ಕಟ್ಟಿಕೊಂಡು, ತಮ್ಮವರ ಜೊತೆ ತಾವೇ ಮಾತಾಡಿ, ಎಚ್‌ಐವಿ ತಡೆಯುವ ಕೆಲಸದಲ್ಲಿ ಹೆಸರು ಮಾಡಿದರು. ಆಸ್ಪತ್ರೆಯವರಿಗೆ ಹೇಗೆ ಕೇಳಬೇಕು ಅಂತ ಕಲಿಸಲು ಅವರಿಗಿಂತ ಒಳ್ಳೆಯ ಗುರುಗಳು ಸಿಗುವುದಿಲ್ಲ. ತರಬೇತಿಗೆ ಅವರನ್ನು ಕರೆಸಿ, ಸಂಭಾವನೆ ಕೊಟ್ಟು ಕರೆಸಿ. ಕೊನೆಯ ಅರ್ಧ ಗಂಟೆಗೆ ಅನುಭವ ಹಂಚಿಕೊಳ್ಳೋಕೆ ಅಂತ ಕರೆಯುವುದು ಬೇಡ.

ಕೊನೆಗೆ ಗಂಡಸರು. ಹಳ್ಳಿಯಲ್ಲಿ ಆಶಾ ಹೆಂಗಸು, ಉಪಕೇಂದ್ರದಲ್ಲಿ ಸಿಗುವವರೂ ಹೆಚ್ಚಾಗಿ ಹೆಂಗಸರೇ. ಗಂಡಸಿಗೆ ತೊಂದರೆ ಬಂದರೆ ಅವನು ಯಾರ ಹತ್ತಿರ ಹೋಗಬೇಕು? ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ವಿಳಾಸ ಇದೆ. ತಿಂಗಳಿಗೊಮ್ಮೆ ಲಾಡ್ಜಿಗೆ ಬರುವ "ಗುಪ್ತರೋಗ ತಜ್ಞರು". ಧಾತು, ಅಂದರೆ ವೀರ್ಯ, ಹೋಗುತ್ತಿದೆ, ಅದಕ್ಕೇ ಸುಸ್ತು ಅನ್ನುವ ಭಯವನ್ನು ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲೇ ಧಾತ್ ಸಿಂಡ್ರೋಮ್ ಅಂತ ಗುರುತಿಸಿ ಬರೆದರು. ಹುಡುಗರು ಇವತ್ತಿಗೂ ಅದೇ ಭಯಕ್ಕೆ ಲೇಹ್ಯ ಕೊಳ್ಳುತ್ತಿದ್ದಾರೆ. ಇವರ ಜೊತೆ ಮಾತಾಡೋಕೆ ಇಲಾಖೆಯಲ್ಲಿ ಪುರುಷ ಸಿಬ್ಬಂದಿ ಇಲ್ಲವೇ? ಇದ್ದಾರೆ. ಮುಂದಿನ ಬ್ಯಾಚಿಗೆ ಅವರನ್ನೂ ಕಳಿಸಿ ಅಂತ ಕೇಳಿದೆ. "ಅವರಿಗೆ ಸೊಳ್ಳೆ ಲಾರ್ವಾ ಸರ್ವೆ ಇದೆ ಮೇಡಂ" ಅಂತ ಉತ್ತರ ಬಂತು. ಮಳೆಗಾಲ ಮುಗಿಯಲಿ, ಮತ್ತೆ ಕೇಳುತ್ತೇನೆ.